ಎರಡು ಬೆರಳಷ್ಟು ಸಡಿಲ

ಭಾನುವಾರ, ಬೆಳಗಿನ ಆರು ಗಂಟೆ. ಖಾನಾಪುರ ತಾಲ್ಲೂಕಿನ ಪಾರಿಶ್ವಾಡದ ಹೊರಗೆ, ಬೈಕ್ ತರಬೇತಿ ಮೈದಾನದ ಕೆಮ್ಮಣ್ಣಿನ ದಿಬ್ಬಗಳ ಪಕ್ಕದಲ್ಲಿ ಮೆಕ್ಯಾನಿಕ್ ಮಧುಕರ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಎದುರಿಗಿರುವುದು ದಿಬ್ಬ ಹಾರುವ ಪಂದ್ಯದ, ಮಕ್ಕಳ ಮೋಟೊಕ್ರಾಸ್ ಬೈಕು. ಎದ್ದು ನಿಂತರೆ ಅವರ ಸೊಂಟಕ್ಕೂ ಬರುವುದಿಲ್ಲ. ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೈನಿನ ಒಂದೊಂದೇ ಕೊಂಡಿ ತಿಕ್ಕುತ್ತಾರೆ, ಬಟ್ಟೆಯಿಂದ ಒರೆಸುತ್ತಾರೆ, ಒಳಮೈಗೆ ಹನಿ ಹನಿ ಎಣ್ಣೆ ಬಿಡುತ್ತಾರೆ. ಹೆಲ್ಮೆಟ್ಟು, ಬೂಟು ತೊಟ್ಟ ಒಂಬತ್ತು ವರ್ಷದ ಸಮೃದ್ಧಿ ಚಡಪಡಿಸುತ್ತಿದ್ದಾಳೆ.

"ಹತ್ತವ್ವಾ, ಕುಂದರು. ನೀ ಕುಂತ ಮ್ಯಾಲನ ನನ್ನ ಅಳತಿ."

ಅವಳು ಕೂರುತ್ತಾಳೆ. ಮಧುಕರ ಸೀಟನ್ನು ಕೆಳಕ್ಕೆ ಒತ್ತಿ ಹಿಡಿದು ಚೈನನ್ನು ಬೆರಳಿನಿಂದ ಅಲ್ಲಾಡಿಸುತ್ತಾರೆ. ಖಾಲಿ ಬೈಕಿನಲ್ಲಿ ಎರಡು ಬೆರಳಷ್ಟು ಸಡಿಲ, ಭಾರ ಬಿದ್ದಾಗಲೂ ಒಂಚೂರು ಆಟ ಇರಬೇಕು. ವಾರಕ್ಕೆ ಹದಿನಾಲ್ಕು ಬೈಕು. ಒಂದಕ್ಕೂ ಈ ಶಾಸ್ತ್ರ ತಪ್ಪುವುದಿಲ್ಲ.

"ಸಣ್ಣ ಗಾಡಿ, ಮುಂದಿನ ಹಲ್ಲಿನ ಚಕ್ರಾನೂ ಸಣ್ಣದು. ಚೈನ್ ಭಾಳ ಬಾಗತೈತಿ. ಮ್ಯಾಲೆ ಈ ಕೆಂಪ ಮಣ್ಣು. ಅರದಿಂದ ತಿಕ್ಕಿದಂಗ ಸವೀತೈತಿ ನೋಡ್ರಿ," ಎನ್ನುತ್ತಾರೆ. ಎರಡು ತಿಂಗಳಲ್ಲಿ ಸವೆಯುತ್ತಿದ್ದ ಹಲ್ಲುಗಳು ಅವರ ಕೈಯಲ್ಲಿ ಐದು ತಿಂಗಳು ಬಾಳುತ್ತವೆ. ಬಹುಮಾನದ ಫೋಟೊಗಳಲ್ಲಿ ಟ್ರೋಫಿ ಇರುತ್ತದೆ, ಮಗು ಇರುತ್ತದೆ, ಬೈಕಿಗೆ ಬೆರಳೂ ಮುಟ್ಟಿಸದ ಸೋದರಮಾವಂದಿರೂ ಇರುತ್ತಾರೆ. ಮಧುಕರ ಇರುವುದಿಲ್ಲ.

ಐವತ್ತನಾಲ್ಕರ ಇವರು ಬೆಳಗಾವಿಯ ವಡಗಾವಿಯಲ್ಲಿ ಇಪ್ಪತ್ತೆರಡು ವರ್ಷ ವಿದ್ಯುತ್ ಮಗ್ಗ ರಿಪೇರಿ ಮಾಡಿದವರು. ಮಗ್ಗಗಳು ಒಂದೊಂದಾಗಿ ನಿಂತ ಮೇಲೆ ಬೈಕಿಗೆ ಬಂದರು. ಜೊತೆಗೆ ಮಗ್ಗದ ರೂಢಿಯೂ ಬಂತು. "ಅಲ್ಲೆ ಮೋಟಾರಿನ ಪಟ್ಟಾ ಬಿಗಿ ಇದ್ದಷ್ಟು ಚಲೋ. ಸಡಿಲ ಬಿಟ್ಟಾಂವ ಮೈಗಳ್ಳ ಅಂತಿದ್ರು. ನಾ ಚೈನಿಗೂ ಹಂಗ ಮಾಡಿದೆ."

ನಾಲ್ಕು ವರ್ಷದ ಹಿಂದೆ, ಬೆಳಗಾವಿಯದೇ ಸದಾಶಿವನಗರದ ಹನ್ನೆರಡು ವರ್ಷದ ಶರ್ವರಿಯ ಬೈಕಿಗೆ ಹಾಗೆ ಮಾಡಿದ್ದರು. ದಿಬ್ಬದಿಂದ ಹಾರಿ ಇಳಿದ ಕ್ಷಣಕ್ಕೆ ಚೈನ್ ತುಂಡಾಗಿ ಸಿಕ್ಕಿಕೊಂಡಿತು, ಹಿಂದಿನ ಗಾಲಿ ಕಚ್ಚಿ ನಿಂತಿತು. ಹುಡುಗಿಯ ಬಲಗೈ ಮುರಿಯಿತು. ಅವಳು ಇಳಿದ ರೀತಿಯೇ ತಪ್ಪು ಎಂದರು ತರಬೇತುದಾರರು. ಎಲ್ಲರೂ ಹೌದೆಂದರು.

ಅಂದು ಸಂಜೆ ಮಧುಕರ ಇನ್ನೊಂದು ಬೈಕಿನ ಚೈನನ್ನು ಅಷ್ಟೇ ಬಿಗಿ ಮಾಡಿ, ಮೇಲೆ ಕೂತು ನೋಡಿದರು. ಚೈನ್ ಒಂಚೂರೂ ಆಟವಿಲ್ಲದೆ ತಂತಿಯ ಹಾಗೆ ಸೆಟೆದು ನಿಂತಿತು. "ಕೆಲಸ ಹೋಗತೈತಿ ಅಂತ ಅಂಜಿದೆ. ಕೂಸಿನ ತಲಿ ಮ್ಯಾಲೆ ತಪ್ಪ ಬಿತ್ತು, ನಾ ಬಾಯಿ ಮುಚಗೊಂಡು ಕುಂತೆ."

ಕುಳಿತದ್ದು ಏಳು ತಿಂಗಳು. ಕಡೆಗೆ ಸದಾಶಿವನಗರದ ಮನೆಗೆ ಹೋಗಿ, ತಾಯಿ ಅನುಜಾ ಅವರ ಎದುರಿನಲ್ಲೇ ಹುಡುಗಿಗೆ ಎಲ್ಲವನ್ನೂ ಹೇಳಿದರು. ಅಷ್ಟರಲ್ಲಿ ಬೈಕು ಮಾರಿ ಆಗಿತ್ತು. ಶರ್ವರಿ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "'ಕಾಕಾ, ಮೊದಲ ಹೇಳಿದ್ರ ನಾ ರೇಸ್ ಬಿಡತಿರಲಿಲ್ಲ' ಅಂದ್ಲು. ಅಷ್ಟ ಅಂದ್ಲು." ಈಗ ಕಾಲೇಜಿಗೆ ಹೋಗುವ ಅವಳು ಮತ್ತೆ ಈ ಕಡೆ ಬಂದಿಲ್ಲ.

ಅವಳ ಹೆಸರು ಮಾತ್ರ ಮೈದಾನದಲ್ಲಿ ಉಳಿದುಬಿಟ್ಟಿದೆ. ಹೊಸ ಮಕ್ಕಳು ಬಂದಾಗಲೆಲ್ಲ ತರಬೇತುದಾರರು ಕೂಗುತ್ತಾರೆ, "ಶರ್ವರಿ ಇಳಿದಂಗ ಇಳಿಬ್ಯಾಡ್ರಿ!" ಇವತ್ತು ಸಮೃದ್ಧಿಯೂ ಅದನ್ನು ಕೇಳಿ ತಲೆಯಾಡಿಸಿ ಹೋದಳು. ಮಧುಕರರ ಕೈಯಲ್ಲಿದ್ದ ಬಟ್ಟೆ ಅಲ್ಲಿಗೇ ನಿಂತಿತು. ಮನೆಯೊಳಗೆ ಹೇಳಿದ ಮಾತನ್ನು ಮೈದಾನದಲ್ಲಿ ಹೇಳಲು ನಾಲ್ಕು ವರ್ಷವಾದರೂ ಅವರಿಗೆ ಧೈರ್ಯ ಬಂದಿರಲಿಲ್ಲ.

ಪತ್ರಿಕೆಯ ಫೋಟೊಗೆಂದು ನಾನು ಕ್ಯಾಮೆರಾ ಎತ್ತಿದರೆ ಕೈ ಅಡ್ಡ ಹಿಡಿಯುತ್ತಾರೆ.

"ನನ್ನ ಫೋಟೊ ಬ್ಯಾಡ್ರಿ. ಪೇಪರಿನ್ಯಾಗ ಬರೀತೀರಿ ಅಂದ್ರ ಇಷ್ಟ ಬರೀರಿ, ಎಲ್ಲಾರೂ ಓದೂ ಹಂಗ. ಅವತ್ತ ತಪ್ಪ ಮಾಡಿದಾಂವ ಮಧುಕರ. ಶರ್ವರಿ ಸರೀನ ಇಳಿದಿದ್ಲು."