ಅಕ್ಕನನ್ನು ಹೆರಿಗೆ ಕೋಣೆಯಿಂದ ಬಿಡಿಸಿದ್ದು

ಐವತ್ತರ ದಶಕದ ಕೊನೆಯ ವರ್ಷಗಳು. ಶಿಕಾರಿಪುರದ ಆಸ್ಪತ್ರೆಯಲ್ಲಿ ನಾನು ಹೊಸ ನರ್ಸು. ಹುಟ್ಟಿದ ಕೂಸನ್ನು ಹೆದರದೆ ಎತ್ತಿಕೊಳ್ಳುವುದನ್ನು ನನಗೆ ಕಲಿಸಿದವರು ಅಲ್ಲಿನ ಹಿರಿಯ ಮಿಡ್‌ವೈಫ್. ಗಂಡನನ್ನು ಕಳೆದುಕೊಂಡು ಈ ಕೆಲಸಕ್ಕೆ ಬಂದಿದ್ದ ಅವರನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದೆವು. ಒಂದೇ ಕ್ವಾರ್ಟರ್ಸಿನಲ್ಲಿ ಇಬ್ಬರ ವಾಸ, ಒಂದೇ ಒಲೆಯಲ್ಲಿ ಅಡುಗೆ.

ದಿಲ್ಲಿಯಲ್ಲಿ ನರ್ಸುಗಳಿಗೆ ಹೆಚ್ಚಿನ ಓದು ಇದೆ, ವಾರ್ಡು ನಡೆಸುವುದು, ಕಲಿಸುವುದು ಎಲ್ಲ ಹೇಳಿಕೊಡುತ್ತಾರೆ ಎಂದು ಡಾಕ್ಟರು ನನಗೆ ಅರ್ಜಿ ಹಾಕಿಸಿದರು. ತಾಳಗುಂದದಲ್ಲಿದ್ದ ಅಪ್ಪ, "ಕಲ್ತಿದ್ದು ಸಾಲದೇನು?" ಎಂದು ಮುಖ ತಿರುಗಿಸಿದ. ಅಕ್ಕ ಮಾತ್ರ, "ಹೋಗೇ ಹುಡುಗಿ. ಬಂದು ನಮಗೂ ಹೇಳ್ಕೊಡು" ಅಂದರು. ಮೋಟರ್ ಸ್ಟ್ಯಾಂಡಿಗೆ ಅವರೇ ನನ್ನ ಟ್ರಂಕು ಹೊತ್ತು ತಂದರು.

ಓದು ಮುಗಿಸಿ ಬಂದಾಗ ನನ್ನನ್ನು ಸೊರಬದ ಆಸ್ಪತ್ರೆಗೆ ಮೇಲ್ವಿಚಾರಕಿಯಾಗಿ ಹಾಕಿದರು. ಅಷ್ಟರಲ್ಲಿ ಅಕ್ಕನಿಗೂ ಅಲ್ಲಿಗೇ ವರ್ಗವಾಗಿತ್ತು. ಓಡಿ ಹೋಗಿ ಕೈ ಹಿಡಿದೆ. ಅವರು ಮೆಲ್ಲಗೆ ಕೈ ಬಿಡಿಸಿಕೊಂಡು, "ಬನ್ನಿ ಸಿಸ್ಟರ್" ಅಂದರು. ಹಾಗೆ ಕರೀಬೇಡಿ ಅಂದರೂ ಕೇಳಲಿಲ್ಲ. ನಾನು ವಾರ್ಡಿಗೆ ಕಾಲಿಟ್ಟರೆ ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದರು. ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಉಳವಿ ಕಡೆಯ ಒಬ್ಬಳಿಗೆ ಹೆರಿಗೆಯಾಯಿತು. ಅಕ್ಕ ಹೊರಗೆ ಬಂದು, "ಎಲ್ಲ ಸರಿ ಉಂಟು" ಎಂದರು. ಒಳಗೆ ಹೋಗಿ ನೋಡಿದರೆ ಬಾಣಂತಿಯ ತುಟಿ ಬಿಳಿಚಿಕೊಂಡಿತ್ತು. ಹೊದಿಕೆ ತೆಗೆದೆ. ಕೆಳಗಿನ ಬಟ್ಟೆಯೆಲ್ಲ ರಕ್ತದಲ್ಲಿ ನೆನೆದಿತ್ತು. ರಕ್ತ ನಿಲ್ಲಲೆಂದು ಹೊಟ್ಟೆ ತಿಕ್ಕುತ್ತಾ ಡಾಕ್ಟರನ್ನು ಕೂಗಿ ಕರೆಸಿದೆ, ಇಂಜೆಕ್ಷನ್ ಕೊಟ್ಟೆವು. ಹೇಗೋ ಉಳಿದಳು. ಅಕ್ಕ ಗೋಡೆ ಹಿಡಿದು ನಿಂತಿದ್ದರು.

ಮಧ್ಯಾಹ್ನ ಅವರನ್ನು ಕಿಟಕಿ ಹತ್ತಿರ ಕೂರಿಸಿ ಕೈ ಎತ್ತಿ ತೋರಿಸಿದೆ. "ಅಕ್ಕ, ಎಷ್ಟು ಬೆರಳು ಹೇಳಿ."

"ನನ್ನ ಪರೀಕ್ಷೆ ಮಾಡ್ತೀಯೇನೇ?" ಅಂದರು. ಮೊದಲಿನ ಹಾಗೆ ಮಾತಾಡಿಸಿದರಲ್ಲ ಅಂತ ಒಂದು ಕ್ಷಣ ಸಂತೋಷವಾಯಿತು. ಬೆರಳು ಮಾತ್ರ ಅವರಿಗೆ ಕಾಣಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಷ್ಟೋ ದಿನದಿಂದ ಕೈಯಂದಾಜಿನಲ್ಲೇ ಕೆಲಸ ನಡೆಸಿದ್ದರು.

"ಇನ್ನು ಹೆರಿಗೆ ಕೋಣೆ ಬೇಡ ಅಕ್ಕ. ಹೊಸ ಹುಡುಗಿಯರಿಗೆ ಕಲಿಸ್ತಾ ಇರಿ. ಕಣ್ಣಿನ ಆಪರೇಷನ್ನಿಗೆ ನಾನೇ ಕರ್ಕೊಂಡು ಹೋಗ್ತೀನಿ."

"ಬಾಗಿಲ ಹೊರಗೆ ಕೂತು ಎಂತ ಕಲಿಸಲಿ?" ಎಂದು ಏಪ್ರನ್ ಬಿಚ್ಚಿ ಮಡಚಿಟ್ಟರು. ಕೆಲಸವನ್ನೇ ಬಿಟ್ಟು ಚಂದ್ರಗುತ್ತಿಯ ತಮ್ಮನ ಮನೆಗೆ ಹೊರಟುಹೋದರು. ತಪ್ಪು ಕಂಡರೆ ರೋಗಿಯ ಪರ ನಿಲ್ಲಬೇಕು ಎಂದು ದಿಲ್ಲಿಯಲ್ಲಿ ಕಲಿಸಿದ್ದರು. ನಿಂತೆ. ಆಮೇಲೆ ಒಬ್ಬಳೇ ಮನೆಗೆ ಬಂದು ಹೇಗಿರಬೇಕು ಅನ್ನುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮಳೆಗಾಲ ಕಳೆದ ಮೇಲೆ ನೋಡಲು ಹೋದೆ. ಆಪರೇಷನ್ ಮಾಡಿಸಿಕೊಂಡಿರಲಿಲ್ಲ. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನ ದನಿ ಕೇಳಿ ಕೈ ನಿಂತಿತು.

"ನೀವು ಮಾಡಿದ್ದು ಸರಿಯೇ," ಅಂದರು. "ಆ ಹೆಣ್ಣು ಸತ್ತಿದ್ರೆ ನಾನೂ ಬದುಕ್ತಿರಲಿಲ್ಲ. ಅಷ್ಟು ಗೊತ್ತಿದ್ರೂ ನಿಮ್ಮ ದನಿ ಕೇಳಿದ ಕೂಡ್ಲೇ ಹೊಟ್ಟೆ ಉರೀತದೆ. ಇನ್ನು ಬರಬೇಡಿ."

ತಮ್ಮನ ಹೆಂಡತಿ ಕಾಫಿ ತಂದುಕೊಟ್ಟಳು. ಕುಡಿದು ಎದ್ದೆ. ಅಕ್ಕ ಆಮೇಲೂ ಕೆಲವು ವರ್ಷ ಇದ್ದರಂತೆ. ಅವರ ಮಾತು ಮೀರಿ ನಾನು ಮತ್ತೆ ಆ ಮನೆಗೆ ಹೋಗಲಿಲ್ಲ.