ರಾವಸಾಬ ಕಾಕಾರ ನಲವತ್ತೊಂದು ಗಂಟು

ರಾವಸಾಬ ಕಾಕಾ ಮೋಟರಿಗೆ ಕೈ ಹಚ್ಚುವ ಮೊದಲು ಕಿವಿ ಹಚ್ಚುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಪಂಪಿನ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಯ ಬುಡಕ್ಕೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಡಾಕ್ಟರರ ಹಾಗೆ ಎನ್ನಬಹುದಿತ್ತು. ಆದರೆ ಯಾವ ಡಾಕ್ಟರರೂ ಅಷ್ಟು ಹೊತ್ತು ಕೇಳಿಸಿಕೊಳ್ಳುವುದಿಲ್ಲ. "ಹಿಂದಿನ ಬೇರಿಂಗ್ ಹೋಗೇತಿ" ಎಂದರೆ ಬಿಚ್ಚಿದಾಗ ಹಿಂದಿನ ಬೇರಿಂಗೇ ಹೋಗಿರುತ್ತಿತ್ತು. ಏಕಸಂಬಿ ಸುತ್ತಲಿನ ಕಬ್ಬಿನ ಹೊಲಗಳಲ್ಲಿ ಸುಟ್ಟ ಮೋಟರುಗಳೆಲ್ಲ ತಂತಿ ಸುತ್ತಿಸಿಕೊಳ್ಳಲು ಅವರ ಅಂಗಡಿಗೇ ಬರುತ್ತಿದ್ದವು. ಅದರಲ್ಲೇನೂ ವಿಶೇಷವಿರಲಿಲ್ಲ. ವಿಶೇಷವೆಂದರೆ ಅದೇ ಸ್ಕ್ರೂಡ್ರೈವರನ್ನು, ಅದೇ ಭಕ್ತಿಯಿಂದ, ಅಂಗಡಿಯ ಸ್ಪೀಕರ್ ಡಬ್ಬಿಗೂ ಒತ್ತಿ ಅವರು ಗಂಟೆಗಟ್ಟಲೆ ನಿಲ್ಲುತ್ತಿದ್ದುದು.

ನಾನು ರಾಯಬಾಗದವಳು. ಏಕಸಂಬಿಯ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿಯಾಗಿ ಬಂದಾಗ ನನಗೆ ಸಿಕ್ಕ ಬಾಡಿಗೆ ಕೋಣೆಗೂ ಅವರ ಅಂಗಡಿಗೂ ನಡುವೆ ಒಂದೇ ಗೋಡೆ. ಮೊದಲ ಭಾನುವಾರ ಮಧ್ಯಾಹ್ನ ಆ ಗೋಡೆ ಗುಂಯ್ ಎನ್ನತೊಡಗಿತು. ಹತ್ತು ನಿಮಿಷ ಕಾದೆ. ನಿಲ್ಲಲಿಲ್ಲ. ಗಾಬರಿಯಾಗಿ ಓಡಿದೆ.

"ಕಾಕಾ, ಒಳಗ ಏನೋ ಸುಡಾಕತ್ತೇತಿ ನೋಡ್ರಿ!"

ಅರವತ್ತು ದಾಟಿದ, ಗಾಂಧಿ ಟೋಪಿಯ ಆ ಮನುಷ್ಯ ಕಣ್ಣು ತೆರೆಯದೆ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಸ್ಟೂಲು ತೋರಿಸಿದರು. ಕುಳಿತೆ. ಇಪ್ಪತ್ತು ನಿಮಿಷದ ನಂತರ ಸದ್ದು ತಾನೇ ನಿಂತಿತು.

"ಏನ್ ಅನಸ್ತು ಬಾಯಾರ?" ಎಂದು ಕೇಳಿದರು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು.

"ತಲಿ ನೋಯಾಕತ್ತೇತ್ರಿ."

ಅವರ ಮುಖ ಅರಳಿತು. "ಎಲ್ಲಿ? ಹಣಿಯಾಗೊ, ಹಿಂದೊ?"

"ಹಿಂದ."

"ಬರೋಬ್ಬರಿ! ನನಗೂ ಹಿಂದ." ಎಂದವರೇ ಒಂದು ನೋಟುಬುಕ್ಕು ತೆಗೆದು ಅದನ್ನು ಬರೆದುಕೊಂಡರು.

ಆ ಸದ್ದು ಸಂಗೀತವಂತೆ. ಅದು ಅವರಿಗೆ ಗಂಟು ಬಿದ್ದ ಕಥೆಯನ್ನು ಅವತ್ತೇ ಹೇಳಿದರು. ನಿಪ್ಪಾಣಿಯಲ್ಲಿ ಒಂದು ಹಳೆಯ ಫೋನು ಕೊಂಡಿದ್ದರು. ಅದರೊಳಗೆ ಹಿಂದಿನ ಮಾಲೀಕ ಮರೆತುಬಿಟ್ಟ ಮೆಮರಿ ಕಾರ್ಡು ಇತ್ತು. ಕಾರ್ಡಿನಲ್ಲಿ ನಲವತ್ತೊಂದು ಫೋಲ್ಡರು. ಒಂದಕ್ಕೂ ಹೆಸರಿಲ್ಲ, ಬರೀ ನಂಬರು.

"ಭಜನಿ ಇರಬೇಕಂತ ತಿಳಕೊಂಡು ಹಚ್ಚಿದ್ನಿ. ಬರೇ ಕರ್ ಕರ್ ಅಂತು. ಸ್ಪೀಕರ್ ಕೆಟ್ಟೇತಿ ಅಂತ ಬಿಚ್ಚಿ ಜೋಡಿಸಿದ್ನಿ. ಮತ್ತ ಕರ್ ಕರ್. ಮೂರು ಸಲ ಬಿಚ್ಚಿದ್ನಿ ಬಾಯಾರ! ಸ್ಪೀಕರ್ ಅಗದಿ ಬರೋಬ್ಬರಿ ಇತ್ತು. ಕೆಟ್ಟಿದ್ದು ಹಾಡ. ಅಲ್ಲಾ, ಕೆಟ್ಟಿದ್ದನ್ನ ಇಷ್ಟು ಶಿಸ್ತಲೆ ಯಾರ್ ಮಾಡಿರಬೇಕು ಅಂತ ಕುಂತು ಕೇಳಿದ್ನಿ. ಕೇಳಾಕತ್ತೇನಿ ಇನ್ನೂ."

ಅವು ಹೊರದೇಶಗಳ ಪ್ರಾಯೋಗಿಕ ರಾಕ್ ಮತ್ತು ಎಲೆಕ್ಟ್ರಾನಿಕ್ ಆಲ್ಬಮ್ಮುಗಳೆಂದು ನನಗೆ ತಿಳಿದದ್ದು ಆಮೇಲೆ. ಕಾಕಾಗೆ ಆಲ್ಬಮ್ ಎಂಬ ಮಾತು ಒಪ್ಪಿಗೆಯಾಗಲಿಲ್ಲ. "ಆಲ್ಬಮ್ ಅಂದ್ರ ಮದವಿ ಫೋಟೊದ್ದು" ಎಂದರು. ಅವರು ಅದನ್ನು ಗಂಟು ಎನ್ನುತ್ತಿದ್ದರು. "ಇವತ್ತ ಹದಿನಾಕನೇ ಗಂಟು ಬಿಚ್ಚೂಣು, ಬರ್ರಿ." ಫೋನಿಗೆ ಹಾಡು ಕೇಳಿಸಿ ಹೆಸರು ಹುಡುಕಿಕೊಡುತ್ತೇನೆ ಎಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. "ಬ್ಯಾಡ್ರಿ. ಹೆಸರು ಗೊತ್ತಾದ್ರ ಊರು ಕೇಳ್ತೀವಿ, ಊರು ಗೊತ್ತಾದ್ರ ಮನೆತನ ಕೇಳ್ತೀವಿ. ಹಾಡು ಕೇಳೂದ ಬಿಟ್ಟು ಹೋಗತೈತಿ."

ಹೊಲಗಳಿಗೆ ತ್ರೀ ಫೇಜ್ ಕರೆಂಟು ಸರದಿಯ ಮೇಲೆ ಬರುತ್ತಿತ್ತು. ಬಂದಾಗ ಊರಿನ ಮೋಟರುಗಳೆಲ್ಲ ಶುರುವಾಗಿ, ಒಂದೆರಡು ಸುಟ್ಟು, ಕಾಕಾಗೆ ಕೆಲಸವಾಗುತ್ತಿತ್ತು. ಹೋದಾಗ ಅಂಗಡಿಯಲ್ಲಿ ಸಂಗೀತ. ಅದಕ್ಕೆ ಎರಡೇ ನಿಯಮ. ಹಚ್ಚಿದ ಗಂಟನ್ನು ಮುಗಿಯುವ ತನಕ ಕೇಳಬೇಕು, ನಡುವೆ ಮಾತಿಲ್ಲ. ಮುಗಿದ ಮೇಲೆ ಅಲ್ಲಿದ್ದವರೆಲ್ಲ, ಕಿರಿಯರಿಂದ ಶುರುಮಾಡಿ, ಏನನ್ನಿಸಿತೆಂದು ಹೇಳಬೇಕು. 'ಛಲೋ ಐತಿ' ಅನ್ನುವಂತಿಲ್ಲ.

ಗಿರಾಕಿಗಳಿಗೂ ವಿನಾಯಿತಿ ಇರಲಿಲ್ಲ. ಒಮ್ಮೆ ಹತ್ತಿರದ ಭೋಜ ಗ್ರಾಮದಿಂದ ಒಬ್ಬ ಪಾಟೀಲರು ರಿಪೇರಿಗೆ ಬಿಟ್ಟ ಮೋಟರು ಒಯ್ಯಲು ಬಂದರು. ಒಳಗಿನಿಂದ ಬರುತ್ತಿದ್ದ ಸದ್ದು ಕೇಳಿ ಬಾಗಿಲಲ್ಲೇ ತಲೆಯ ಮೇಲೆ ಕೈ ಹೊತ್ತರು.

"ಅಯ್ಯಯ್ಯ ಮಿಸ್ತ್ರಿ, ನನ್ನ ಮೋಟರ್ ಯಾಕ ಹಿಂಗ ಒದರಾಕತ್ತೇತಿ?"

"ಅದು ನಿಮ್ಮದಲ್ರಿ. ಇಪ್ಪತ್ತನೇ ಗಂಟು. ಕುಂಡ್ರಿ."

ಪಾಟೀಲರು ಮೂವತ್ತೈದು ನಿಮಿಷ ಕುಳಿತರು. ಮುಗಿದ ಮೇಲೆ ಕಾಕಾ ಪೆನ್ನು ಹಿಡಿದು, "ಹೇಳ್ರಿ, ಏನ್ ಅನಸ್ತು?" ಎಂದರು.

"ನನ್ನ ಮೋಟರ್ ಯಾವಾಗ ಕೊಡ್ತೀರಿ ಅನಸ್ತು."

ನಾನು ನಗು ತಡೆದುಕೊಂಡೆ. ಕಾಕಾ ನಗಲಿಲ್ಲ. "ಖರೆ ಐತಿ. ಇದರಾಗ ಬರೇ ಕಾಯೂದ ಐತಿ," ಎಂದು ಗಂಭೀರವಾಗಿ ಬರೆದುಕೊಂಡರು.

ಆ ನೋಟುಬುಕ್ಕನ್ನು ಮುಂದಿನಿಂದ ತೆರೆದರೆ ಯಾವ ಮೋಟರಿಗೆ ಯಾವ ಗೇಜಿನ ತಂತಿ, ಎಷ್ಟು ಸುತ್ತು ಎಂಬ ವಿವರ. ಹಿಂದಿನಿಂದ ತೆರೆದರೆ ಗಂಟುಗಳು. ಏಳನೆಯದಕ್ಕೆ ಹೀಗೆ ಬರೆದಿದ್ದರು: 'ಮೊದಲ ಅರ್ಧ ತಾಸು ಏನೂ ಆಗುವುದಿಲ್ಲ. ಎದ್ದು ಹೋಗಬಾರದು. ಆಮೇಲೂ ಏನೂ ಆಗುವುದಿಲ್ಲ. ಆದರೆ ಎದ್ದಾಗ ನಾವು ಬೇರೆ ಆಗಿರತೇವಿ.' ಹನ್ನೆರಡನೆಯದಕ್ಕೆ: 'ನಾಲ್ಕು ಮಂದಿ ಬಾರಿಸ್ಯಾರ. ಒಬ್ಬರಿಗೊಬ್ಬರು ಮಾತು ಬಿಟ್ಟಾರ. ಡ್ರಮ್ಮಿನವ ಶ್ಯಾಣ್ಯಾ, ಆದರ ಮನ್ಯಾಗ ಜಗಳ ಆಗೇತಿ.' ಹತ್ತೊಂಬತ್ತನೆಯದು ಅವರಿಗೆ ಬಹಳ ಪ್ರೀತಿಯದು: 'ಮೂರು ಫೇಜಿನಾಗ ಒಂದು ಹೋಗೇತಿ. ಮೋಟರ್ ತಿರಗತೈತಿ, ಆದರ ಹೆದರಿ ತಿರಗತೈತಿ. ಹನ್ನೊಂದನೇ ಮಿನಿಟಿಗೆ ಒಬ್ಬಾಕಿ ನಗತಾಳ. ಯಾಕ ನಕ್ಕಳೊ ಆಕಿಗೂ ಗೊತ್ತಿಲ್ಲ.'

ಕಾಕಾರ ಹೆಂಡತಿ ಶಾಂತಾ ಕಾಕು ಮಾತ್ರ ಇದೆಲ್ಲಕ್ಕೂ ಒಂದೇ ಅಭಿಪ್ರಾಯ ಇಟ್ಟುಕೊಂಡಿದ್ದರು. ಅಂಗಡಿಯ ಹಿಂದಿನ ಅಡುಗೆಮನೆಯಿಂದಲೇ, "ಗಿರಣಿ ಬಂದ್ ಮಾಡ್ರಿ, ತಲಿ ಹಿಟ್ಟಾತು!" ಎಂದು ಕೂಗುತ್ತಿದ್ದರು.

ಇಂಥ ಕಾರ್ಡನ್ನು ನಾನು ಕೆಡಿಸಿದೆ.

ಮಾಡಿದ್ದು ಒಳ್ಳೆಯದಕ್ಕೇ. ಕಾರ್ಡು ಹಳೆಯದಾಗಿದೆ, ಎಲ್ಲವನ್ನೂ ಕಾಪಿ ಮಾಡಿಡುತ್ತೇನೆ ಎಂದು ಹಟ ಮಾಡಿ ಈಸಿಕೊಂಡಿದ್ದೆ. ಭಾನುವಾರ ಬೆಳಿಗ್ಗೆ ನನ್ನ ಹೊಸ ಫೋನಿಗೆ ಹಾಕಿದೆ. ಫೋನು ಏನನ್ನೋ ಕೇಳಿತು. ಒಲೆಯ ಮೇಲೆ ಅವಲಕ್ಕಿ ಇತ್ತು, ಅದರ ಕಡೆ ನೋಡುತ್ತ ಹೂಂ ಎಂದು ಒತ್ತಿದೆ. ಅವಲಕ್ಕಿ ಇಳಿಸಿ ಬಂದು ನೋಡಿದರೆ ಕಾರ್ಡು ಖಾಲಿ. ಚಿಕ್ಕೋಡಿಯ ಮೊಬೈಲ್ ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು, "ಮೇಡಂ, ಎಲ್ಲಾ ಹೋಗೇತ್ರಿ. ಕಾರ್ಡು ಮಾತ್ರ ಭಾರೀ ಐತಿ," ಎಂದು ಸಮಾಧಾನ ಹೇಳಿದ.

ಮೂರು ದಿನ ಹಿತ್ತಲ ಬಾಗಿಲಿನಿಂದ ಶಾಲೆಗೆ ಹೋದೆ. ಮಕ್ಕಳಿಗೆ ತಪ್ಪನ್ನು ಒಪ್ಪಿಕೊಳ್ಳಬೇಕೆಂದು ಪಾಠ ಹೇಳುವವಳು ನಾನು. ನಾಲ್ಕನೆಯ ದಿನ ಅಂಗಡಿಗೆ ಹೋಗಿ, ನಿಂತಲ್ಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಕಾಕಾ ಮೋಟರಿಗೆ ತಂತಿ ಸುತ್ತುತ್ತಿದ್ದರು. ಕೈ ನಿಂತಿತು.

"ಎಲ್ಲಾ?"

"ಎಲ್ಲಾ, ಕಾಕಾ."

"ಹತ್ತೊಂಬತ್ತನೇದೂ?"

ನಾನು ಅತ್ತುಬಿಟ್ಟೆ. ಅವರು ಬೈಯಲಿಲ್ಲ. ಮತ್ತೆ ತಂತಿ ಸುತ್ತತೊಡಗಿದರು. ಸ್ವಲ್ಪ ಹೊತ್ತಿಗೆ ಲೆಕ್ಕ ತಪ್ಪಿತೆಂದು ಕಾಣುತ್ತದೆ. ಸುತ್ತಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಶುರು ಮಾಡಿದರು. ಅವರ ಲೆಕ್ಕ ತಪ್ಪಿದ್ದನ್ನು ಕಂಡದ್ದು ಅದೊಂದೇ ಸಲ. ಅವತ್ತು ಕಾಕು ಮಾತ್ರ ನನ್ನನ್ನು ಕರೆದು ಬಿಸಿ ಶಿರಾ ತಿನ್ನಿಸಿದರು. ತುಪ್ಪ ಕೈ ಬಿಚ್ಚಿ ಹಾಕಿದ್ದರು.

ಕಾಕುವಿನ ಸಂತೋಷ ಒಂದು ವಾರ ಬಾಳಿತು. ಕಾಕಾ ಹಾಡಿಲ್ಲದೆ ಮನೆಯೊಳಗೆ ಬಂದು ಕೂರತೊಡಗಿದರು. ಮಿಕ್ಸರಿಗೆ ಸ್ಕ್ರೂಡ್ರೈವರು ಹಚ್ಚಿದರು. ಫ್ರಿಜ್ಜಿಗೆ ಹಚ್ಚಿದರು. ಗೊರಕೆ ಹೊಡೆಯುತ್ತ ಮಧ್ಯಾಹ್ನ ಮಲಗಿದ್ದ ಕಾಕು ಎಚ್ಚರಾಗಿ ನೋಡಿದರೆ ಕಾಕಾ ತಲೆಯ ಬಳಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದರಂತೆ. ಕಾಕು ನನ್ನ ಕೋಣೆಗೆ ಬಂದವರೇ, "ಬಾಯಾರ, ಏನರೆ ಮಾಡಿ ಆ ಗಿರಣಿ ಹುಡಕಿ ತರ್ರಿ. ಈ ಮನಷ್ಯಾನ ಕಾಟ ನನಗ ತಡಕೊಳ್ಳಾಕ ಆಗವಲ್ದು," ಎಂದು ಕೈ ಮುಗಿದರು.

ಹುಡುಕುವುದು ಹೇಗೆ? ಹೆಸರಿಲ್ಲ. ಹೆಸರು ಬೇಡವೆಂದವರು ಅವರೇ. ಇದ್ದದ್ದು ನೋಟುಬುಕ್ಕಿನ ಹಿಂಬದಿ ಮಾತ್ರ. ಅದನ್ನೇ ಕೇಳಿ ತಂದೆ. ಇಂಥ ಸಂಗೀತ ಕೇಳುವವರು ಅಂತರ್ಜಾಲದಲ್ಲಿ ಸೇರಿ ಹರಟುವ ಒಂದು ತಾಣ ಹುಡುಕಿ, ಹತ್ತೊಂಬತ್ತನೆಯ ಗಂಟಿನ ಬಗ್ಗೆ ಕಾಕಾ ಬರೆದದ್ದನ್ನು ಇಂಗ್ಲಿಷಿಗೆ ತಿರುಗಿಸಿ ಹಾಕಿದೆ. ಹೆದರಿ ತಿರುಗುವ ಮೋಟರು, ಹನ್ನೊಂದನೇ ನಿಮಿಷಕ್ಕೆ ಕಾರಣವಿಲ್ಲದೆ ನಗುವ ಹೆಂಗಸು. ಹುಚ್ಚಿ ಅಂದುಕೊಳ್ಳುತ್ತಾರೆ ಎಂದುಕೊಂಡೆ.

ಒಂದು ತಾಸಿನೊಳಗೆ ಯಾವುದೋ ಚಳಿ ದೇಶದ ಒಬ್ಬರು ಆಲ್ಬಮ್ಮಿನ ಹೆಸರು ಬರೆದರು. ಕೆಳಗೆ ಇನ್ನೆರಡು ಸಾಲು: ಇದನ್ನು ಹರೆಯದಿಂದ ಕೇಳುತ್ತ ಬಂದಿದ್ದೇನೆ, ಅದು ಹೆದರಿದೆ ಎಂಬುದು ಇವತ್ತೇ ಗೊತ್ತಾಯಿತು. ಈ ವಿಮರ್ಶಕರು ಯಾರು?

ಮಾರನೆಯ ದಿನ ಅದನ್ನು ಅಂಗಡಿಯಲ್ಲಿ ಹಚ್ಚಿದೆ. ಕಾಕಾ ಸ್ಕ್ರೂಡ್ರೈವರು ಒತ್ತಿ ನಿಂತರು. ಹತ್ತು ನಿಮಿಷ ಮುಖದಲ್ಲಿ ಏನೂ ಇಲ್ಲ. ಆಮೇಲೆ ಆ ಹೆಂಗಸು ನಕ್ಕಳು. ಕಾಕಾರ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಮೀಸೆಗೆ ಬಂತು. ನಿಯಮದ ಪ್ರಕಾರ ಮುಗಿಯುವ ತನಕ ಮಾತಾಡಲಿಲ್ಲ.

"ವಿಮರ್ಶಕರು ಯಾರು ಅಂತ ಕೇಳ್ಯಾರ ಕಾಕಾ. ಏನ್ ಹೇಳ್ಲಿ?"

"ಮೋಟರ್ ಮಿಸ್ತ್ರಿ ಅಂತ ಹೇಳ್ರಿ. ಏಕಸಂಬಿ ಅಂತ ಬರೀರಿ, ಇಲ್ಲಂದ್ರ ಬಾಜೂಕಿನ ಸದಲಗಾದವ್ರು ನಮ್ಮಾಂವ ಅಂತಾರ."

ಆಮೇಲಿನ ಒಂದು ವರ್ಷ ನಾವಿಬ್ಬರೂ ಅದನ್ನೇ ಮಾಡಿದೆವು. ಶಾಲೆ ಬಿಟ್ಟ ಮೇಲೆ ನಾನು ಕಾಕಾರ ಕನ್ನಡವನ್ನು ಇಂಗ್ಲಿಷಿಗೆ ಎಳೆದು ಹಾಕುವುದು, ಎಲ್ಲೆಲ್ಲಿಯವರೋ ಹೆಸರು ಸೂಚಿಸುವುದು, ಕಾಕಾ ಕೇಳಿ ತೀರ್ಪು ಕೊಡುವುದು. ಒಮ್ಮೆ ಹನ್ನೆರಡನೆಯದೆಂದು ಬಂದದ್ದನ್ನು ಕೇಳಿ, "ಇದಲ್ಲ. ಇಂವಾ ಅವನ ತಮ್ಮ ಇರಬೇಕು" ಎಂದರು. ವಿಚಾರಿಸಿದರೆ ಹನ್ನೆರಡನೆಯ ಗಂಟಿನ ಡ್ರಮ್ಮಿನವನು ಜಗಳವಾಡಿ ಹೊರಬಿದ್ದು ಕಟ್ಟಿದ ಬೇರೆ ತಂಡವದು. ಜಗಳ ತಂಡದಲ್ಲೇ ಆಗಿತ್ತು. ಕಾಕಾ ಅದನ್ನು ಮನೆಯೊಳಗೆ ಹಾಕಿದ್ದರು, ಅಷ್ಟೇ ವ್ಯತ್ಯಾಸ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಹೇಳಿದವರು ಕಾಕು. ಇಪ್ಪತ್ತೆಂಟನೆಯದೆಂದು ಯಾರೋ ಕಳಿಸಿದ್ದರ ಬಗ್ಗೆ ಕಾಕಾಗೇ ಅನುಮಾನವಿತ್ತು. ಹಚ್ಚಿ ಐದು ನಿಮಿಷವಾಗಿರಲಿಲ್ಲ, ಲಟ್ಟಣಿಗೆ ಹಿಡಿದುಕೊಂಡೇ ಕಾಕು ಓಡಿ ಬಂದರು. "ಇದ ಐತಿ! ಇದ ಐತಿ! ಇನ್ನ ಜರಾ ತಡೀರಿ, ಈಗ ಧಡಲ್ ಅಂತೈತಿ. ಆ ಧಡಲ್ಲಿಗೆ ಹೆದರಿ ನಾ ತುಂಬಿದ ಹಾಲಿನ ಪಾತೇಲಿ ಚೆಲ್ಲಿದ್ನಿ!" ಧಡಲ್ ಎಂದಿತು. ಕಾಕಾ ಹೆಂಡತಿಯನ್ನು ಹೊಸದಾಗಿ ನೋಡುವವರಂತೆ ನೋಡಿದರು. ಅಂದಿನಿಂದ ಕಾಕುವಿಗೂ ಒಂದು ಸ್ಟೂಲು ಬಂತು. ಬೈಯುವುದನ್ನು ಅವರು ಬಿಡಲಿಲ್ಲ, ಕುಳಿತು ಬೈಯತೊಡಗಿದರು.

ನಲವತ್ತೊಂದರಲ್ಲಿ ಇಪ್ಪತ್ತಾರು ಸಿಕ್ಕವು. ಉಳಿದವು ಸಿಗಲಿಲ್ಲ. ಅಷ್ಟರಲ್ಲಿ ಆ ತಾಣದ ಜನ ತಾವಾಗಿಯೇ ಹೊಸ ಹೊಸ ಆಲ್ಬಮ್ಮು ಸೂಚಿಸಿ, ಇದಕ್ಕೆ ಮಿಸ್ತ್ರಿ ಏನನ್ನುತ್ತಾರೆ ಎಂದು ಕೇಳುತ್ತಿದ್ದರು. ನೋಟುಬುಕ್ಕಿನ ಹಿಂಬದಿ ಬೆಳೆಯುತ್ತ ಬೆಳೆಯುತ್ತ ಮುಂಬದಿಯ ಮೋಟರುಗಳನ್ನು ಮುಟ್ಟಿತು. "ಪರವಾಗಿಲ್ಲ ಬಾಯಾರ, ಹಳೇವು ಹೋಗಿದ್ದಕ್ಕ ಇವೆಲ್ಲಾ ಬಂದವು," ಎಂದು ಅವರು ಅಂದ ದಿನ ನಾನು ಮೂರು ದಿನ ಹಿತ್ತಲಿನಿಂದ ಓಡಾಡಿದ್ದ ನಾಚಿಕೆ ಕಡಿಮೆಯಾಯಿತು.

ಆಮೇಲೆ ನನಗೆ ಅಥಣಿ ತಾಲೂಕಿನ ಅನಂತಪುರಕ್ಕೆ ವರ್ಗವಾಯಿತು. ಹೊರಟ ದಿನ ಕಾಕಾ ತಾಮ್ರದ ತಂತಿ ತರುವ ನೆಪ ಹೇಳಿ ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ತನಕ ಬಂದರು. ಅಥಣಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವತ್ತೇ ಒಬ್ಬರು ಮಿಸ್ತ್ರಿಗೆಂದು ಕಳಿಸಿದ್ದ ಐವತ್ತು ನಿಮಿಷದ ಆಲ್ಬಮ್ಮು ನನ್ನ ಫೋನಿನಲ್ಲಿತ್ತು. ಬೆಂಚಿನ ಮೇಲೆ ಕುಳಿತು ಇಯರ್‌ಫೋನಿನ ಒಂದು ತುದಿ ಅವರು, ಒಂದು ತುದಿ ನಾನು ಹಾಕಿಕೊಂಡೆವು.

ಇನ್ನೂ ಹನ್ನೆರಡು ನಿಮಿಷ ಉಳಿದಿತ್ತು, ಬಸ್ಸು ಬಂತು. ನಾನು ಎದ್ದೆ. ಕಾಕಾ ನನ್ನ ಬ್ಯಾಗಿನ ಪಟ್ಟಿ ಹಿಡಿದರು.

"ಕಾಕಾ, ಬಸ್ಸು!"

"ಬಸ್ಸು ಇನ್ನೊಂದು ಬರತೈತಿ. ಅರ್ಧಾಕ್ಕ ಎದ್ರ ಬಾರಿಸಿದಾಂವಗ ಏನ ಅನಸಬೇಕು?"

"ಅವಗೇನ್ ಗೊತ್ತಾಗತೈತ್ರಿ?"

"ನಮಗ ಗೊತ್ತಾಗತೈತಲ್ಲ. ಕುಂಡ್ರಿ."

ಕುಳಿತೆ. ಬಸ್ಸು ಹೋಯಿತು. ಆಲ್ಬಮ್ಮು ಮುಗಿಯಿತು. ಕಿರಿಯವಳಾದ್ದರಿಂದ ನಾನು ಮೊದಲು ಹೇಳಿದೆ: "ಮಹಾಪೂರ ಇಳದ ಮ್ಯಾಲೆ ಹೊಳಿ ದಂಡಿ ಹೆಂಗ ಕಾಣತೈತಿ, ಹಂಗ ಅನಸ್ತು." ಕಾಕಾ ತಲೆಯಾಡಿಸಿ ಯೋಚಿಸುತ್ತ ಕುಳಿತರು. ಅವರು ಯಾವಾಗಲೂ ಹೊತ್ತು ತೆಗೆದುಕೊಳ್ಳುತ್ತಿದ್ದರು. ಮುಂದಿನ ಬಸ್ಸು ಬಂದರೂ ಅವರ ಮಾತು ಬಂದಿರಲಿಲ್ಲ. ಕಿಟಕಿಯ ಸೀಟು ಸಿಕ್ಕಿತು. ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಳುವಾಗ ಕಾಕಾರ ಮುಖಕ್ಕೆ ಥಟ್ಟನೆ ಬೆಳಕು ಬಂತು. ಟೋಪಿ ಹಿಡಿದುಕೊಂಡು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಓಡಿ ಬಂದು, ಕೈಯಿಂದ ಗಾಳಿಯಲ್ಲಿ ಏನೋ ಆಕಾರ ಬರೆಯುತ್ತ ಕೂಗಿ ಹೇಳಿದರು. ಇಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

"ಏನ್ರಿ ಕಾಕಾ?"

ನಗುತ್ತ ಮತ್ತೊಮ್ಮೆ ಹೇಳಿದರು. ಡ್ರೈವರು ಅದೇ ಹೊತ್ತಿಗೆ ಹಾರ್ನು ಒತ್ತಿದ. ನಾನು ಕೇಳಿಸಿದವಳಂತೆ ತಲೆಯಾಡಿಸಿಬಿಟ್ಟೆ. ಅವರಿಗೆ ಬಹಳ ಸಮಾಧಾನವಾದಂತೆ ಕಂಡಿತು.

ಫೋನಿನಲ್ಲಿ ಕೇಳಬಹುದಿತ್ತು. ಕೇಳಿಸಲಿಲ್ಲವೆಂದು ಹೇಳಲು ನಾಚಿಕೆ. ದೀಪಾವಳಿ ರಜೆಗೆ ಹೋದಾಗ ಎದುರಿಗೇ ಕುಳಿತು ಕೇಳೋಣ ಎಂದುಕೊಂಡೆ. ರಜೆ ಬರುವುದಕ್ಕೆ ಹದಿನೈದು ದಿನ ಮೊದಲು ಕಾಕು ಫೋನು ಮಾಡಿದರು. ಅಂಗಡಿಯಲ್ಲೇ ಎದೆನೋವು ಬಂದು ಕಾಕಾ ಹೋಗಿಬಿಟ್ಟಿದ್ದರು.

ಆ ಆಲ್ಬಮ್ಮನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಅವರು ಏನು ಹೇಳಿರಬಹುದೆಂದು ಇನ್ನೂ ಹೊಳೆದಿಲ್ಲ.