ಫೆರ್ಜಾನಿಯ ಕಡಲ ಬೇಲಿ

ಫೆರ್ಜಾನಿಗೆ ಅನುಮಾನ ಹುಟ್ಟುಗುಣ. ಹೆಂಡತಿ ಹ್ನಿಯಾ ಊಟಕ್ಕೆ ಬಡಿಸಿದರೆ, ತನ್ನ ತಟ್ಟೆಗೆ ಎಷ್ಟು ತುಂಡು ಮೀನು ಬಿತ್ತು, ಮಿಕ್ಕವರ ತಟ್ಟೆಗೆ ಎಷ್ಟು ಎಂದು ಓರೆಗಣ್ಣಲ್ಲೇ ನೋಡಿಕೊಳ್ಳುತ್ತಿದ್ದ. ಯಾರಾದರೂ ಒಂದೇ ದಿನ ಎರಡು ಸಲ ಸಲಾಂ ಹೇಳಿದರೆ, ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದುಕೊಳ್ಳುತ್ತಿದ್ದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅರವತ್ತು ವರ್ಷ ಹೀಗೇ ಬದುಕಿದವನನ್ನು ತಿದ್ದಲು ನಾವು ಯಾರೂ ಹೋಗಲಿಲ್ಲ.

ನಮ್ಮ ಕರ್ಕೆನ್ನಾ ದ್ವೀಪದಲ್ಲಿ ಕಡಲೂ ಪಿತ್ರಾರ್ಜಿತವೇ. ಯಾವ ತುಂಡು ನೀರು ಯಾವ ಮನೆಯದು ಎಂದು ಅಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿದೆ. ಶರತ್ಕಾಲದಲ್ಲಿ ಖರ್ಜೂರದ ಗರಿಗಳನ್ನು ಸೊಂಟದುದ್ದ ನೀರಿನಲ್ಲಿ ಒತ್ತಾಗಿ ನೆಟ್ಟು ಬೇಲಿ ಕಟ್ಟುತ್ತೇವೆ. ಇಳಿತದ ಹೊತ್ತಿಗೆ ಆಳಕ್ಕೆ ಮರಳುವ ಮೀನು ಬೇಲಿಗೆ ತಗಲಿ, ಅದರ ಗುಂಟ ಹೋಗಿ ಕೊನೆಗೆ ಕಟ್ಟಿದ ಬುಟ್ಟಿಗೆ ಬೀಳುತ್ತದೆ. ಅಟ್ಟಿಸಿಕೊಂಡು ಹೋಗುವ ಕೆಲಸವಿಲ್ಲ, ಬೆಳಗ್ಗೆ ಹೋಗಿ ಬುಟ್ಟಿ ಎತ್ತಿದರಾಯಿತು.

ಆ ಬೇಸಿಗೆಗೆ ಮಗಳು ದಲೀಲಾಳ ಮದುವೆ ಗೊತ್ತಾಗಿತ್ತು. ಗಂಡು ಮಹ್ರೆಜ್, ಪಕ್ಕದ ಬೇಲಿಯ ಖಮೀಸನ ಮಗ. ಮದುವೆಯ ಊಟಕ್ಕೆ ಮೀನು ತನ್ನ ಬೇಲಿಯದೇ ಆಗಬೇಕು ಎಂದು ಫೆರ್ಜಾನಿಯ ಹಠ. ಅದಕ್ಕೇ ಹಿಂದಿನ ವರ್ಷ, ಬೇಸಿಗೆಯಲ್ಲಿ ಬೇಲಿ ಕೀಳುವ ಕಾಲದಲ್ಲಿ, ಅವನೊಂದು ಜಾಣತನ ಮಾಡಿದ್ದ. ಅವನ ಪಾಲಿನ ನೀರಿನಲ್ಲಿ ಕಡಲ ಹುಲ್ಲು ದಟ್ಟವಾಗಿ ಬೆಳೆದಿತ್ತು. ಪ್ರತಿ ಬಿರುಗಾಳಿಗೂ ಅದರ ಸತ್ತ ಎಲೆ ಬಂದು ಗರಿಗಳಿಗೆ ಮೆತ್ತಿಕೊಂಡು ಬೇಲಿಯನ್ನೇ ಮಲಗಿಸುತ್ತಿತ್ತು. ದೋಣಿಯ ಹಿಂದೆ ಕಬ್ಬಿಣದ ಸರಪಳಿ ಕಟ್ಟಿ ಎಳೆದೆಳೆದು, ಬೇರುಸಮೇತ ಎಲ್ಲ ಕಿತ್ತು ಹಾಕಿದ. ಮೀನಿಗೆ ದಾರಿ ಸಲೀಸಾಯಿತು ಎಂದು ಖುಷಿಪಟ್ಟ. ಖಮೀಸ್ ಮಾತ್ರ ದಡದಲ್ಲಿ ನಿಂತು, "ಹುಲ್ಲು ಮುಟ್ಬೇಡ ಕಣೋ" ಎಂದಿದ್ದ. ಇವನಿಗೆ ಹೊಟ್ಟೆಕಿಚ್ಚು ಎಂದುಕೊಂಡ ಫೆರ್ಜಾನಿ.

ಶರತ್ಕಾಲದಲ್ಲಿ ಬೇಲಿ ನೆಟ್ಟ. ಚಳಿಗಾಲ ಬರುವಷ್ಟರಲ್ಲಿ ಬುಟ್ಟಿ ಹಗುರಾಯಿತು. ವಸಂತಕ್ಕೆ ಏಳೆಂಟು ಮೀನು ಬಿದ್ದರೆ ಹೆಚ್ಚು. ಪಕ್ಕದಲ್ಲಿ ಖಮೀಸನ ಬುಟ್ಟಿ ಮಾತ್ರ ತುಂಬಿ ತುಳುಕುತ್ತಿತ್ತು. ಇನ್ನೇನು ಬೇಕು? ಫೆರ್ಜಾನಿ ಬುಟ್ಟಿಯ ಬಾಯಿಗೆ ತನಗೊಬ್ಬನಿಗೇ ಗೊತ್ತಿದ್ದ ಗಂಟು ಹಾಕಿ ಬಂದ. ಬೆಳಗ್ಗೆ ಗಂಟು ಇದ್ದ ಹಾಗೇ ಇತ್ತು.

"ನೋಡ್ದೆಯಾ, ನನ್ನ ಗಂಟನ್ನೂ ಕಲಿತುಬಿಟ್ಟಿದಾನೆ" ಎಂದ ಹೆಂಡತಿಗೆ.

"ಬಿಚ್ಚಿದ್ರೂ ಕಳ್ಳ, ಬಿಚ್ಚದಿದ್ರೂ ಕಳ್ಳ. ಪಾಪ, ಆ ಮನುಷ್ಯ ಎಲ್ಲಿಗೆ ಹೋಗ್ಬೇಕು?" ಎಂದಳು ಹ್ನಿಯಾ.

ಒಂದು ಮುಂಜಾನೆ ಫೆರ್ಜಾನಿ ದೋಣಿಯನ್ನು ಬೇಲಿಯ ಮರೆಗೆ ನಿಲ್ಲಿಸಿಕೊಂಡು ಕಾದ. ಬೆಳಕು ಹರಿಯುವಾಗ ಖಮೀಸ್ ಬಂದ. ನೇರ ಫೆರ್ಜಾನಿಯ ಬುಟ್ಟಿಗೇ ಬಂದು, ಗಂಟು ಬಿಚ್ಚಿ ಬಗ್ಗಿದ. ಅವನ ಕೈಯಲ್ಲಿ ಚಿನ್ನದ ಗೆರೆಯ ಶಲ್ಬಾ ಮೀನು ಒದ್ದಾಡುತ್ತಿತ್ತು.

"ಯಾರ ಬುಟ್ಟೀದು ಅದು, ಬೀಗರೇ?" ಎಂದ ಫೆರ್ಜಾನಿ ಮರೆಯಿಂದ ಬಂದು.

ಖಮೀಸ್ ಮೀನನ್ನು ನೋಡಿದ, ಇವನನ್ನು ನೋಡಿದ. "ನೀನು ಅಂದ್ಕೊಂಡಿದ್ದೇ ಇರ್ಲಿ ಬಿಡು" ಎಂದು ದೋಣಿ ತಿರುಗಿಸಿದ.

ಆ ಬೆಳಗ್ಗೆ ಬಂದರಿನ ಕಾಫಿ ಅಂಗಡಿಯಲ್ಲಿ, ಮೂವತ್ತು ನಲವತ್ತು ಜನರ ಎದುರು, ಫೆರ್ಜಾನಿ ಬೀಗನನ್ನು ಕಳ್ಳ ಎಂದ. ಅವನಪ್ಪನನ್ನೂ ಬಿಡಲಿಲ್ಲ. ಸಂಜೆಗೆ ಮದುವೆ ಮುರಿಯಿತು. ದಲೀಲಾ ಅಪ್ಪನ ಮುಂದೆ ತಟ್ಟೆ ಇಟ್ಟು, ಎದ್ದು ಹೋಗಲು ಶುರು ಮಾಡಿದಳು. ಅವಳು ಅತ್ತಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಕಳ್ಳ ಸಿಕ್ಕಿಬಿದ್ದ ಮೇಲೆ ಬುಟ್ಟಿ ತುಂಬಬೇಕಲ್ಲ? ಮಾರನೆಯ ದಿನ ಒಂದು ಏಡಿ ಬಿದ್ದಿತ್ತು. ಅದರ ಮಾರನೆಯ ದಿನ ಅದೂ ಇಲ್ಲ. ಎಂಟು ದಿನ ಬರೀ ನೀರು ಸೋರುವ ಬುಟ್ಟಿ ಎತ್ತಿ ಬಂದ. ಒಂಬತ್ತನೆಯ ದಿನ ಅಂಗಳದಲ್ಲಿ ಕೂತು, "ಈಗ ಯಾರು ಕದೀತಿದಾರೆ?" ಎಂದ.

ಹ್ನಿಯಾಗೆ ಇನ್ನು ತಡೆಯಲಾಗಲಿಲ್ಲ. "ಇಷ್ಟು ದಿನ ನಮ್ಮ ಬುಟ್ಟೀಲಿ ಬರ್ತಿದ್ದ ಶಲ್ಬಾ ಮೀನು ಸೀಳಿ ತೊಳೆದವಳು ನಾನು. ಹೊಟ್ಟೆ ತುಂಬ ಹಸಿ ಹುಲ್ಲು. ನಿಮ್ಮ ಬೋಳು ಮರಳಲ್ಲಿ ಅದು ಎಲ್ಲಿ ಮೇಯ್ತು? ಹುಲ್ಲಿರೋದು ಖಮೀಸಣ್ಣನ ನೀರಲ್ಲಿ."

"ಅಂದ್ರೆ?"

"ಅಂದ್ರೆ ಅವರು ತೆಗೀತಿರ್ಲಿಲ್ಲ, ಹಾಕ್ತಿದ್ರು. ಮದುವೆ ಹೊತ್ತಿಗೆ ನಿಮ್ಮ ಮಾನ ಹೋಗ್ಬಾರ್ದು ಅಂತ. ಹುಲ್ಲಿದ್ರೆ ಸೀಗಡಿ, ಸೀಗಡಿ ಇದ್ರೆ ಸಣ್ಣ ಮೀನು, ಅದನ್ನ ತಿನ್ನೋಕೆ ದೊಡ್ಡದು. ಮರಿ ಬಚ್ಚಿಟ್ಕೊಳ್ಳೋದೂ ಅಲ್ಲೇ. ನೀವು ಅಡಿಪಾಯ ಕಿತ್ತು ಹಾಕಿ ಅಟ್ಟದ ಮೇಲೆ ಕಳ್ಳನ್ನ ಹುಡುಕ್ತಿದೀರಿ."

"ಮುಂಚೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಯಾರು ಹೇಳ್ಕೊಟ್ರು ನಿಂಗೆ ಅಂತ ಕೇಳ್ತಿದ್ರಿ."

ಹೌದು, ಕೇಳುತ್ತಿದ್ದ. ಫೆರ್ಜಾನಿ ಎದ್ದು ಖಮೀಸನ ಮನೆಗೆ ಹೋದ. ಖಮೀಸ್ ಬಾಗಿಲಲ್ಲೇ ಕೂತು ಬುಟ್ಟಿ ಹೆಣೆಯುತ್ತಿದ್ದ, ಒಳಗೆ ಬಾ ಎನ್ನಲಿಲ್ಲ.

"ತಪ್ಪಾಯ್ತು" ಎಂದ ಫೆರ್ಜಾನಿ.

"ಇಲ್ಲಿ ಯಾರು ಕೇಳಿಸ್ಕೊಂಡ್ರು? ನಾನು, ಈ ಬೆಕ್ಕು. ಕಳ್ಳ ಅಂದಿದ್ದು ಊರೆದುರಿಗೆ. ಇದನ್ನೂ ಅಲ್ಲೇ ಹೇಳು. ಆಮೇಲೆ ಮದುವೆ ವಿಷ್ಯ ಮಗನನ್ನ ಕೇಳ್ತೀನಿ."

ಮರುದಿನ ಕಾಫಿ ಅಂಗಡಿಯಲ್ಲಿ ಫೆರ್ಜಾನಿ ಎದ್ದು ನಿಂತ. "ನನ್ನ ಮೀನು ಯಾರೂ ಕದ್ದಿಲ್ಲ. ಮೀನಿನ ಮನೆ ಹಾಳು ಮಾಡಿದೋನು ನಾನು. ಖಮೀಸ್ ತನ್ನ ಮೀನು ತಂದು ನನ್ನ ಬುಟ್ಟಿಗೆ ಹಾಕ್ತಿದ್ದ, ಅವನನ್ನೇ ಕಳ್ಳ ಅಂದೆ." ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ಮಹ್ರೆಜ್ ಎದ್ದು ಬಂದು, ಮಾವನಿಗೆ ಕುರ್ಚಿ ಎಳೆದು ಕೊಟ್ಟ.

ಜೂನ್‌ನಲ್ಲಿ, ಬೇಲಿ ಕೀಳುವ ಮೊದಲೇ, ಮದುವೆ ಆಯಿತು. ಮೀನೆಲ್ಲ ಖಮೀಸನ ಬೇಲಿಯದು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಹೊಟ್ಟೆ ತುಂಬ ಉಂಡರು. ಹೊರಡುವಾಗ ದಲೀಲಾ ಅಪ್ಪನ ಕೈಗೆ ಮುತ್ತಿಟ್ಟು ಒಂದು ಗಳಿಗೆ ಹಾಗೇ ಹಿಡಿದುಕೊಂಡಳು. ಅವಳನ್ನು ಕಳಿಸಿದ ಮೇಲೆ ಬೀಗರಿಬ್ಬರೂ ದಡದಲ್ಲಿ ಕೂತರು.

"ಹುಲ್ಲು ಮತ್ತೆ ಯಾವಾಗ ಬರುತ್ತೆ?" ಎಂದ ಫೆರ್ಜಾನಿ.

"ವರ್ಷಕ್ಕೆ ಒಂದೆರಡು ಬೆರಳಗಲ ಹಬ್ಬುತ್ತೆ ಅಂತಿದ್ದ ನಮ್ಮಜ್ಜ. ನನ್ನ ಕಡೆಯಿಂದ ಹಬ್ಬಿಕೊಂಡು ಬಂದ್ರೆ, ದಲೀಲಾಳ ಮೊಮ್ಮಕ್ಕಳ ಮದುವೆಗೆ ನಿನ್ನ ಬೇಲಿ ಮೀನು ಬಡಿಸ್ಬಹುದೇನೋ."

ಅರವತ್ತು ವರ್ಷ ಎಲ್ಲರ ಮಾತಿನಲ್ಲೂ ಸುಳ್ಳು ಹುಡುಕಿದವನು, ಖಮೀಸನ ಮುಖದಲ್ಲಿ ಆವತ್ತು ತುಂಬ ಹೊತ್ತು ಅದನ್ನೇ ಹುಡುಕಿದ, ಸಿಕ್ಕರೆ ಸಾಕಪ್ಪ ಎಂದು. ಸಿಗಲಿಲ್ಲ.